‘ಗರ್ಡಲ್‌’ಗೆ ಹಂಚು ಎನ್ನಲೋ, ಕಾವಲಿ ಎನ್ನಲೋ?

ಎಲ್ಲರಿಗೂ ನಮಸ್ಕಾರ.

ಸ್ಕಾಟ್ಲೆಂಡಿನ ಫೈಫ್ ಸೀಮೆಯಲ್ಲಿ, ಫೋರ್ತ್ ಅಳಿವೆಯ ಉತ್ತರ ದಡಕ್ಕೆ ಕೂರಸ್ ಎಂಬ ಪುಟ್ಟ ಹಳೆಯ ಊರಿದೆ. ಇಂಗ್ಲಿಷ್ ಬರಹದಲ್ಲಿ ನಡುವೆ ಒಂದು ‘ಲ್’ ಇದ್ದರೂ ಊರವರ ಬಾಯಲ್ಲಿ ಅದು ಬರುವುದಿಲ್ಲ, ಅದಕ್ಕೇ ಕೂರಸ್ ಎಂದು ಬರೆದಿದ್ದೇನೆ. ಆ ಊರಿನ ಚರಿತ್ರೆಯ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವನು ಅಡುಗೆಮನೆಯ ಒಂದು ಸಾಮಾನಿನ ಹೆಸರಿಗೆ ಸಿಕ್ಕಿಕೊಂಡಿದ್ದೇನೆ. ಆ ಸಾಮಾನು ಗರ್ಡಲ್.

ನಿಘಂಟು ತೆರೆದರೆ ಮೊದಲು ಸಿಗುವ ಅರ್ಥ ಸೊಂಟಪಟ್ಟಿ. ಆದರೆ ಅದು ಹಳೆಯ ಇಂಗ್ಲಿಷಿನಿಂದ ಬಂದ ಬೇರೆಯೇ ಪದ. ಸ್ಕಾಟರ ಗರ್ಡಲ್ ‘ಗ್ರಿಡಲ್’ ಪದದ ಅಕ್ಷರಪಲ್ಲಟ, ಮೂಲ ಫ್ರೆಂಚಿನದು. ಓಟ್ಸ್ ಹಿಟ್ಟಿನ ರೊಟ್ಟಿ ಬೇಯಿಸುವ ದುಂಡನೆಯ, ಚಪ್ಪಟೆಯಾದ ಕಬ್ಬಿಣದ ತಟ್ಟೆ. ಬಕೆಟ್ಟಿಗೆ ಇರುವಂಥ ಕಮಾನಿನ ಹಿಡಿ ಇರುತ್ತದೆ, ಒಲೆಯ ಮೇಲಿನ ಕೊಕ್ಕೆಗೆ ತೂಗುಹಾಕಲು.

ಕೂರಸ್‌ನ ಕಮ್ಮಾರರು ಈ ಸಾಮಾನಿಗೇ ಹೆಸರಾದವರು. 1599ರಲ್ಲಿ ಆರನೇ ಜೇಮ್ಸ್ ದೊರೆ ಗರ್ಡಲ್ ಮಾಡುವ ಏಕಸ್ವಾಮ್ಯವನ್ನು ಅವರಿಗೆ ಕೊಟ್ಟ. ಊರಿಗೆ ಕಲ್ಲಿದ್ದಲಿನ ಕೊರತೆಯೂ ಇರಲಿಲ್ಲ. ಸರ್ ಜಾರ್ಜ್ ಬ್ರೂಸ್ 1575ರಲ್ಲಿ ಅಲ್ಲಿನ ಗಣಿಯನ್ನು ಗುತ್ತಿಗೆ ಹಿಡಿದು, ಅಳಿವೆಯ ನೀರಿನ ತಳದಲ್ಲೇ ಕಲ್ಲಿದ್ದಲು ಅಗೆಸಿದವನು. 1625ರ ಬಿರುಗಾಳಿಗೆ ಆ ಗಣಿ ಹಾಳಾಯಿತು. ಗರ್ಡಲಿನ ಕಸುಬು ಮಾತ್ರ ಬಹುಕಾಲ ನಡೆಯಿತು. 1759ರಲ್ಲಿ ಶುರುವಾದ ಕ್ಯಾರನ್ ಎಂಬ ಕಬ್ಬಿಣದ ಕಾರ್ಖಾನೆಯ ಎರಕದ ಗರ್ಡಲ್ ಬಂದ ಮೇಲೆ ಅದೂ ಇಳಿಮುಖವಾಯಿತು.

ನನ್ನ ತೊಡಕು ಇಲ್ಲೇ ಇದೆ. ‘ಕಾವಲಿ’ ಎನ್ನೋಣವೆಂದರೆ, ಕಾಯ್, ಕಾವು ಇವುಗಳ ನಂಟಿರುವ ಒಳ್ಳೆಯ ಪದ ನಿಜ, ಆದರೆ ನಮ್ಮ ಕಡೆ ದೋಸೆಕಾವಲಿ ಎಂದ ಕೂಡಲೇ ಕಣ್ಣಿಗೆ ಬರುವುದು ದಪ್ಪನೆಯ ಎರಕದ ಕಾವಲಿ. ಕೂರಸ್‌ನವರದ್ದು ಸುತ್ತಿಗೆಯಿಂದ ಬಡಿದು ಮಾಡಿದ್ದು. ಅವರ ಕಸುಬಿಗೆ ಮುಳುವಾದ ಸಾಮಾನಿನ ಹೆಸರನ್ನೇ ಅವರ ಕೈಕೆಲಸಕ್ಕೆ ಇಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಉತ್ತರ ಕರ್ನಾಟಕದ ರೊಟ್ಟಿ ‘ಹಂಚು’ ಎಲ್ಲಕ್ಕಿಂತ ಹತ್ತಿರ. ಅಲ್ಲೂ ರೊಟ್ಟಿ, ಇಲ್ಲೂ ರೊಟ್ಟಿ. ಆದರೆ ಕೂರಸ್‌ಗೆ ಹೋದವರ ಕಣ್ಣಿಗೆ ಮೊದಲು ಬೀಳುವುದೇ ಬಿಳಿ ಗೋಡೆಯ ಮನೆಗಳ ಮೇಲಿನ ಕೆಂಪು ಹಂಚಿನ ಮಾಡು! ‘ಹಂಚಿನ ಮನೆಗಳ ಈ ಊರಿನಲ್ಲಿ ಹಂಚು ತಯಾರಾಗುತ್ತಿತ್ತು’ ಎಂದು ಬರೆದರೆ ಓದುವವರು ಮಣ್ಣಿನ ಹಂಚನ್ನೇ ನೆನೆಯುತ್ತಾರೆ, ಕಮ್ಮಾರರು ಮರೆಯಾಗಿಬಿಡುತ್ತಾರೆ. ‘ತವಾ’ ಎಂದರೆ ಈ ಗೊಂದಲವಿಲ್ಲ, ಆದರೆ ಈಗ ಅದು ಅಂಗಡಿಯ ಸಾಮಾನಿನ ಹೆಸರಾಗಿದೆ.

ಸದ್ಯಕ್ಕೆ ‘ರೊಟ್ಟಿಹಂಚು’ ಎಂದು ಕೂಡಿಸಿ ಬರೆದಿದ್ದೇನೆ. ಮೊದಲ ಬಾರಿ ಬಂದಲ್ಲಿ ‘ಬಡಿಗಬ್ಬಿಣದ ರೊಟ್ಟಿಹಂಚು’ ಎಂದಿದೆ. ಈ ‘ಬಡಿಗಬ್ಬಿಣ’ ನಾನೇ ಕಟ್ಟಿದ್ದು, ಕಿವಿಗೆ ಒಗ್ಗುತ್ತದೆಯೇ ಹೇಳಿ. ಕುಲುಮೆಯವರ ಬಾಯಲ್ಲಿ ಎರಕದ್ದಕ್ಕೂ ಬಡಿದದ್ದಕ್ಕೂ ಬೇರೆ ಬೇರೆ ಹೆಸರಿದ್ದರೆ ನನಗೆ ಅದೇ ಬೇಕು. ಜೊತೆಗೆ, ಹಿಡಿ ಇರುವ, ತೂಗುಹಾಕುವ ಹಂಚಿಗೆ ನಿಮ್ಮ ಕಡೆ ಬೇರೆ ಪದವೇನಾದರೂ ಉಂಟೇ? ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ದೊಡ್ಡ ಉಪಕಾರ.