ಪದಚರ್ಚೆ: ‘ಡ್ಯುಯಲ್ ಬೂಟ್’ಗೆ ಏನನ್ನೋಣ? (ನಾಳೆ ಸಂಜೆ ಬ್ಯಾನರ್ ಪ್ರಿಂಟಿಗೆ ಹೋಗುತ್ತೆ)

ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಕಾಲೇಜಿನಲ್ಲಿ ಲಿನಕ್ಸ್ (ವಿಂಡೋಸಿನ ಹಾಗೇ ಇನ್ನೊಂದು ಓಎಸ್, ಅಂದರೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕಿಕೊಡುವ ಶಿಬಿರ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ಲ, ಹಳೆ ಲ್ಯಾಪ್‌ಟಾಪ್ ಇರುವವರೆಲ್ಲ ಬಂದು ಕೇಳುತ್ತಿದ್ದಾರೆ. ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇಲ್ಲದ ಮೆಷಿನ್ನು ಮೈಕ್ರೋಸಾಫ್ಟ್ ಲೆಕ್ಕದಲ್ಲಿ ವಿಂಡೋಸ್ 11ಕ್ಕೆ ಆಗಿಬರುವುದಿಲ್ಲ. ಹಾಗಂತ ಇರುವ ವಿಂಡೋಸ್ ತೆಗೆಯುವ ಹಾಗೂ ಇಲ್ಲ. ಒಬ್ಬರಿಗೆ ಟ್ಯಾಲಿ ಬೇಕು, ಇನ್ನೊಬ್ಬರಿಗೆ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಫೈಲುಗಳು ಬೇಕು. ಹಾಗಾಗಿ ಎರಡನ್ನೂ ಇಡುತ್ತೇವೆ. ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಆರಿಸಿಕೊಂಡರಾಯಿತು. ಇದಕ್ಕೇ ಡ್ಯುಯಲ್ ಬೂಟ್ ಅನ್ನುವುದು.

ಬ್ಯಾನರಿಗೂ ಕೈಗೆ ಕೊಡುವ ಹಾಳೆಗೂ ಮೂರು ಪದ ಬೇಕು. ಡ್ಯುಯಲ್ ಬೂಟ್‌ಗೆ ಸದ್ಯಕ್ಕೆ ‘ದ್ವಿಬೂಟ್’ ಅಂತ ಬರೆದಿದ್ದೇನೆ, ನೋಡಿದರೆ ನನಗೇ ನಗು ಬರುತ್ತೆ. ಪಾರ್ಟಿಷನ್‌ಗೆ, ಅಂದರೆ ಒಂದೇ ಡಿಸ್ಕನ್ನು ಭಾಗ ಮಾಡಿದಾಗ ಆಗುವ ಒಂದೊಂದು ತುಂಡಿಗೆ, ಏನೂ ಹೊಳೆದಿಲ್ಲ. ಮೂರನೆಯದು, ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕುವಾಗ ತೆರೆಯ ಮೇಲೆ ಬರುವ ‘ಇನ್‌ಸ್ಟಾಲ್ ಉಬುಂಟು ಅಲಾಂಗ್‌ಸೈಡ್ ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನುವ ಸಾಲು. ಇದನ್ನು ‘ವಿಂಡೋಸ್ ಜೊತೆಗೆ’ ಅನ್ನಬಹುದಾ?

ಮೈಸೂರಿನಿಂದ

ದ್ವಿಬೂಟ್ ಬೇಡ. ಅತ್ತ ಸಂಸ್ಕೃತ, ಇತ್ತ ಇಂಗ್ಲಿಷ್, ನಡುವೆ ಕನ್ನಡ ಎಲ್ಲಿ? ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟು ಹಾಕಿದ್ದಕ್ಕೇ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅರಿಸಮಾಸ (ಹೊಂದದ ಜೋಡಿಪದ) ಅಂದ. ಇದನ್ನು ಕಂಡಿದ್ದರೆ ಏನನ್ನುತ್ತಿದ್ದನೋ!

ನಮ್ಮಲ್ಲಿ ದಾರಿ ಇದೆ. ಇಮ್ಮಡಿ, ಇಬ್ಬಗೆ, ಇಕ್ಕೆಲ, ಇತ್ತಂಡ. ಅದೇ ಅಚ್ಚಿನಲ್ಲಿ ಇತ್ತೊಡಗು. ಬೂಟ್ ಅಂದರೆ ತೊಡಗು, ಡ್ಯುಯಲ್ ಬೂಟ್ ಅಂದರೆ ಇತ್ತೊಡಗು. ಪಾರ್ಟಿಷನ್‌ಗೆ ಪಾಲು. ಮುಗಿಯಿತು.

ದಾವಣಗೆರೆಯಿಂದ

ಮೇಷ್ಟ್ರೇ, ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಇತ್ತೊಡಗು ಅಂತ ಬೋರ್ಡ್ ಹಾಕಿದರೆ ತೊಡೆಗೆ ಹಚ್ಚುವ ಮುಲಾಮು ಅಂದುಕೊಳ್ಳುತ್ತಾರೆ. ನಮ್ಮಲ್ಲಿಗೆ ಬರುವವರು ‘ಎರಡು ಓಎಸ್ ಹಾಕಿಕೊಡಿ’ ಅಂತಾರೆ. ಅದರ ಹಿಂದೆಯೇ ‘ಇರೋ ವಿಂಡೋಸ್ ಹೋಗಲ್ಲ ತಾನೆ?’ ಅಂತಾರೆ. ಆ ಎರಡನ್ನೇ ಬ್ಯಾನರಿಗೆ ಹಾಕಿ.

ಬೂಟ್ ಅನ್ನೋದಂತೂ ಬೇಡವೇ ಬೇಡ. ಬೂಟು ಅಂದರೆ ಕಾಲಿಗೆ ಹಾಕೋದು. ಕಂಪ್ಯೂಟರಿಗೂ ಅದಕ್ಕೂ ಏನು ಸಂಬಂಧ?

ಉಡುಪಿಯಿಂದ

ಸಂಬಂಧ ಇದೆ ಮಾರಾಯ್ರೆ, ಅದು ಕಾಲಿನ ಬೂಟೇ. ಎತ್ತರದ ಬೂಟನ್ನು ಎಳೆದು ಹಾಕಿಕೊಳ್ಳಲು ಹಿಂಬದಿಗೆ ಒಂದು ಪಟ್ಟಿ ಹೊಲಿದಿರುತ್ತದೆ, ಅದು ಬೂಟ್‌ಸ್ಟ್ರಾಪ್. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಅಂತ ಇಂಗ್ಲಿಷಿನಲ್ಲಿ ಆಗದ ಕೆಲಸಕ್ಕೆ ಹೇಳುವ ಮಾತಿತ್ತು. 1950ರ ದಶಕದಲ್ಲಿ ಕಂಪ್ಯೂಟರಿನವರು ಅದನ್ನು ಎತ್ತಿಕೊಂಡರು. ಪ್ರೋಗ್ರಾಂ ಓದಲು ಮೆಷಿನ್ ಶುರುವಾಗಿರಬೇಕು, ಮೆಷಿನ್ ಶುರುವಾಗಲು ಪ್ರೋಗ್ರಾಂ ಬೇಕು. ಅದಕ್ಕೆ ಮೊದಲು ಒಂದು ಚಿಕ್ಕ ಪ್ರೋಗ್ರಾಂ ಏಳುತ್ತದೆ, ಅದು ದೊಡ್ಡದನ್ನು ಎಬ್ಬಿಸುತ್ತದೆ. ಈಗಲೂ ಅಷ್ಟೇ: ಬೋರ್ಡಿನ ಮೇಲೆ ಮೊದಲೇ ಇರುವ ಯುಇಎಫ್‌ಐ ಅನ್ನುವ ಪ್ರೋಗ್ರಾಂ, ಯಾವ ಓಎಸ್ ಬೇಕು ಅಂತ ಕೇಳುವ ಗ್ರಬ್ಬನ್ನು ಎಬ್ಬಿಸುತ್ತದೆ, ಗ್ರಬ್ ಲಿನಕ್ಸನ್ನೋ ವಿಂಡೋಸನ್ನೋ ಎಬ್ಬಿಸುತ್ತದೆ. ನನ್ನ ಕೇಳಿದರೆ ಬೂಟ್‌ಗೆ ತೊಡಗು ಅಲ್ಲ, ‘ಎಬ್ಬಿಸು’ ಸರಿ.

ಮೈಸೂರಿನಿಂದ

ಎಬ್ಬಿಸು ಸಕರ್ಮಕ. ಮೆಷಿನ್ ಬೂಟ್ ಆಯಿತು ಅನ್ನುವಲ್ಲಿ ನಿಲ್ಲುವುದಿಲ್ಲ.

ಉಡುಪಿಯಿಂದ

ಅಲ್ಲಿ ‘ಎದ್ದಿತು’ ಅನ್ನಿ. ಕನ್ನಡದಲ್ಲಿ ಇದೆಯಲ್ಲ.

ಹಾವೇರಿಯಿಂದ

ಬೂಟ್ ನೀವೇ ಬಗೆಹರಿಸಿಕೊಳ್ರಿ. ಪಾರ್ಟಿಷನ್‌ಗೆ ನಮ್ಮ ಕಡೆ ಪದ ರೆಡಿ ಇದೆ: ಹಿಸ್ಸೆ. ಪಹಣಿ ತೆಗೆದು ನೋಡ್ರಿ, ಸರ್ವೆ ನಂಬರಿನ ಪಕ್ಕ ಹಿಸ್ಸಾ ನಂಬರ್ ಇರುತ್ತದೆ. ಒಂದೇ ಹೊಲ, ಅದರಲ್ಲಿ ಅಣ್ಣಂದೊಂದು ತಮ್ಮಂದೊಂದು. ಡಿಸ್ಕೂ ಹಾಗೇ. ಲಿನಕ್ಸಿನಲ್ಲಿ ಎಸ್‌ಡಿಎ ಅಂದರೆ ಪೂರ್ತಿ ಡಿಸ್ಕ್, ಎಸ್‌ಡಿಎ 1, ಎಸ್‌ಡಿಎ 2 ಅಂದರೆ ಅದರ ಹಿಸ್ಸೆಗಳು. ಪಾಲು ಅಂದರೆ ಹಾಲು ಹಂಚಿದ ಹಾಗೂ ಆಗ್ತದೆ, ಹಿಸ್ಸೆ ಅಂದರೆ ನಂಬರು, ಗಡಿ ಎಲ್ಲ ಬಂತು.

ಮೈಸೂರಿನಿಂದ

ಹಿಸ್ಸೆ ಅರಬ್ಬಿ. ಪಾಲು ಇರುವಾಗ ಅದೇಕೆ?

ಹಾವೇರಿಯಿಂದ

ಜಮೀನು ಪಾರಸಿ, ಅರ್ಜಿ ಅರಬ್ಬಿ. ತಹಶೀಲ್ದಾರರನ್ನು ಏನಂತ ಕರೀತೀರಿ? ಈ ಗುಂಪಿನ ಹೆಸರು ‘ಪದಚರ್ಚೆ’, ಅದರಲ್ಲಿ ಎರಡೂ ಸಂಸ್ಕೃತ. ಮೊದಲು ಅದನ್ನು ಬದಲಿಸ್ರಿ. ಕೇಶಿರಾಜನೂ ಬಿರುದುಗಳಲ್ಲಿ, ಹಿಂದಿನ ಕವಿಗಳು ಬಳಸಿದ ಕಡೆ ಅರಿಸಮಾಸ ನಡೆಯಲಿ ಅಂತ ಬಿಟ್ಟುಕೊಟ್ಟ. ನೀವು ಅವನಿಗಿಂತ ಬಿಗಿ.

ಬೆಂಗಳೂರಿನಿಂದ

ಕೇಳಿದವರಿಗೆ ನಾಳೆ ಸಂಜೆ ಪ್ರಿಂಟ್ ಇದೆ. ಅವರ ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ತೊಂದರೆ ಆಗುವುದು ಅಲ್ಲೇ.

‘ವಿಂಡೋಸ್ ಜೊತೆಗೆ’ ಅಂದರೆ ಎರಡೂ ಒಟ್ಟಿಗೆ ಓಡುತ್ತವೆ ಅಂತ ಅರ್ಥವಾಗುತ್ತದೆ. ಹಾಗೆ ಓಡುವುದು ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ಒಂದು ಓಎಸ್ ಒಳಗೇ ಇನ್ನೊಂದನ್ನು ಓಡಿಸುವಾಗ. ಇಲ್ಲಿ ಒಂದು ಹೊತ್ತಿಗೆ ಒಂದೇ. ಇನ್ನೊಂದಕ್ಕೆ ಹೋಗಬೇಕಾದರೆ ರೀಸ್ಟಾರ್ಟ್ ಮಾಡಬೇಕು. ‘ಪಕ್ಕದಲ್ಲಿ’ ಅಂದರೆ ತೆರೆಯ ಮೇಲೆ ಎರಡು ಕಿಟಕಿ ಅಂದುಕೊಳ್ಳುತ್ತಾರೆ. ಆ ಸಾಲು ನಿಜಕ್ಕೂ ಹೇಳುವುದು ‘ನಿನ್ನ ವಿಂಡೋಸ್ ಅಳಿಸುವುದಿಲ್ಲ’ ಅಂತ. ಆದ್ದರಿಂದ ‘ವಿಂಡೋಸ್ ಉಳಿಸಿಕೊಂಡು ಉಬುಂಟು ಹಾಕು’ ಅನ್ನಿ. ಅದೇ ಪುಟದಲ್ಲಿ ‘ಇರೇಸ್ ಡಿಸ್ಕ್’ ಅನ್ನುವ ಇನ್ನೊಂದು ಆಯ್ಕೆ ಇರುತ್ತದೆ. ಅದಕ್ಕೆ ‘ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಿ ಉಬುಂಟು ಹಾಕು’ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಉಳಿಸಿಕೊಂಡು, ಅಳಿಸಿ: ಒಂದರ ಎದುರು ಒಂದು ನಿಂತರೆ ಯಾರೂ ತಪ್ಪು ಬಟನ್ ಒತ್ತುವುದಿಲ್ಲ.

ಹಾಳೆಗೆ ಇನ್ನೊಂದಿಷ್ಟು ಸೇರಿಸಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಬರೆದುಕೊಂಡು ಬರಲಿ, ಬೂಟ್ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಲಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಆಗ ಲಿನಕ್ಸಿನಿಂದ ವಿಂಡೋಸ್ ಪಾರ್ಟಿಷನ್ನಿಗೆ ಏನೂ ಬರೆಯಲು ಬರುವುದಿಲ್ಲ. ಎರಡನ್ನೂ ಬಳಸಲು ಶುರು ಮಾಡಿದ ಮೇಲೆ ವಿಂಡೋಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಗಾಬರಿ ಬೇಡ. ಬೋರ್ಡಿನ ಗಡಿಯಾರದಲ್ಲಿ ಇರುವುದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಅಂತ ಲಿನಕ್ಸ್ ತಿಳಿಯುತ್ತದೆ, ಊರಿನ ಸಮಯ ಅಂತ ವಿಂಡೋಸ್ ತಿಳಿಯುತ್ತದೆ, ಅಷ್ಟೇ.

ಶಿವಮೊಗ್ಗದಿಂದ

ತುಂಬಾ ಉಪಕಾರ ಆಯಿತು. ಬ್ಯಾನರ್ ಹೀಗೆ ಕಳಿಸುತ್ತಿದ್ದೇನೆ:

‘ಒಂದು ಲ್ಯಾಪ್‌ಟಾಪ್, ಎರಡು ಓಎಸ್. ನಿಮ್ಮ ವಿಂಡೋಸ್ ಹೋಗಲ್ಲ. ಬ್ಯಾಕಪ್ ಮಾಡಿಕೊಂಡು ಬನ್ನಿ.’

ಬ್ಯಾಕಪ್ ನಾನೇ ಸೇರಿಸಿದ್ದು, ಎಷ್ಟಾದರೂ ಡಿಸ್ಕ್ ತಾನೆ. ಒಳಗಿನ ಹಾಳೆಯಲ್ಲಿ ‘ಉಳಿಸಿಕೊಂಡು’ ಬಂತು. ಪಾರ್ಟಿಷನ್‌ಗೆ ‘ಹಿಸ್ಸೆ’ ಅಂತ ಹಾಕಿದ್ದೇನೆ, ಇಲ್ಲಿ ರೈತರ ಮಕ್ಕಳೇ ಜಾಸ್ತಿ. ಕೆಳಗೆ ‘ಪದಚರ್ಚೆ ಬಳಗಕ್ಕೆ ಧನ್ಯವಾದ’ ಅಂತ ಎಲ್ಲರ ಹೆಸರೂ ಹಾಕಲಾ?

ಮೈಸೂರಿನಿಂದ

ಹಿಸ್ಸೆ ಇರುವ ಹಾಳೆಯಲ್ಲಿ ನನ್ನ ಹೆಸರು ಬೇಡ.