ಮರಿಯನ್ನು ಮನೆಯಲ್ಲೇ ಓದಿಸುವ ವಿಚಾರ: ಪುಟ್ಟಿಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಗಿನ ಕಾಫಿಯ ಹೊತ್ತಿಗೆ ನೋಡಿದೆ. ಮರಿಯನ್ನು ಈ ಜೂನ್‌ನಲ್ಲಿ ಎಲ್‌ಕೆಜಿಗೆ ಹಾಕದೆ ಮನೆಯಲ್ಲೇ ಕಲಿಸುವುದೆಂದು ನೀವಿಬ್ಬರೂ ತೀರ್ಮಾನಿಸಿದ್ದೀರಿ, ಹತ್ತಿರದ ಶಾಲೆಯವರು ಲಕ್ಷದ ಮೇಲೆ ಕೇಳುತ್ತಿದ್ದಾರೆ, ಆದರೆ ಕೆಳಗಿನ ಮನೆಯವರು ‘ಯುಕೆಜಿ ಮುಗಿಸದ ಮಗುವನ್ನು ಒಂದನೇ ಕ್ಲಾಸಿಗೆ ಯಾರೂ ಸೇರಿಸಿಕೊಳ್ಳುವುದಿಲ್ಲ’ ಎಂದು ಹೆದರಿಸಿದ್ದಾರೆ, ನಾವು ತಪ್ಪು ಮಾಡುತ್ತಿದ್ದೇವೆಯೇ ದೊಡ್ಡಮ್ಮ ಎಂದು ಕೇಳಿದ್ದೀಯ. ಆಗಿನಿಂದ ಹದಿನಾಲ್ಕು ಜನ ಕೈಮುಗಿದ ಚಿತ್ರವನ್ನೂ ಗುಲಾಬಿ ಹೂವನ್ನೂ ಹಾಕಿದ್ದಾರೆಯೇ ಹೊರತು ಒಬ್ಬರೂ ಉತ್ತರ ಹೇಳಿಲ್ಲ. ಆ ಸಣ್ಣ ಅಕ್ಷರಗಳನ್ನು ಒತ್ತಲು ನನ್ನ ಬೆರಳಿಗೆ ಬಾರದು. ನಾನು ಮಾತನಾಡುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಪುಸ್ತಕದ ಹಾಗೆ ಮಾತನಾಡುತ್ತೇನೆಂದು ನೀವೆಲ್ಲ ನಗುವುದು ಗೊತ್ತಿದೆ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವಳ ನಾಲಿಗೆ ಈ ವಯಸ್ಸಿನಲ್ಲಿ ಬೇರೆ ಕಡೆಗೆ ಹೊರಳುವುದಿಲ್ಲ.

ಮನೆಯಲ್ಲಿ ಕಲಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಪುಟ್ಟಿ, ಮಗುವನ್ನು ನಿನ್ನ ಒಂದೇ ಜೋಡಿ ಕಣ್ಣಿನ ಕೆಳಗೆ ಇಟ್ಟುಕೊಳ್ಳಬೇಡ. ಈ ಮಾತನ್ನು ಏಕೆ ಹೇಳುತ್ತೇನೆಂದು ನಮ್ಮ ದೊಡ್ಡವಳಿಗೆ ಗೊತ್ತು, ನಿನ್ನ ಅಮ್ಮನಿಗೆ ಅರ್ಧ ಗೊತ್ತು, ಉಳಿದವರಿಗೆ ‘ಅವಳಿಗೆ ಚಿಕ್ಕಂದಿನಲ್ಲೇ ಕನ್ನಡಕ ಬಂತು’ ಎಂಬಷ್ಟೇ ಗೊತ್ತು.

ದೊಡ್ಡವಳು ಹುಟ್ಟಿದ್ದು 1981ರಲ್ಲಿ. ನಾನು ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಮುಗಿಸಿ ಸರ್ಕಾರದ ಆರ್ಡರ್‌ಗಾಗಿ ಕಾಯುತ್ತಾ ಸಾಗರದ ಆ ಹಳೆಯ ಮನೆಯಲ್ಲಿ ಕುಳಿತಿದ್ದ ಕಾಲವದು. ಆರ್ಡರ್ ಕೈಗೆ ಬಂದದ್ದು 1989ಕ್ಕೆ. ಪಾಠ ಮಾಡಲು ಕಲಿತವಳಿಗೆ ಎದುರಿಗೊಂದು ಮಗು ಸಿಕ್ಕರೆ ಏನಾಗುತ್ತದೆಂದು ಊಹಿಸಿಕೊ. ಮಹಿಳಾ ಸಮಾಜದವರ ಶಿಶುವಿಹಾರ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅದನ್ನು ನಡೆಸುತ್ತಿದ್ದ ಅಮ್ಮ ಎರಡು ಸಲ ಮನೆಗೆ ಬಂದು ಕರೆದರು. ಅಲ್ಲಿ ಹಾಡು ಹೇಳಿಸಿ ಮಲಗಿಸುತ್ತಾರೆ ಅಷ್ಟೇ, ನನ್ನ ಮಗಳಿಗೆ ಅದು ಸಾಲದು ಎಂದುಕೊಂಡು ನಾನು ಕಳಿಸಲಿಲ್ಲ. ವಿಜಯದಶಮಿಯಂದು ತಟ್ಟೆಯ ಅಕ್ಕಿಯ ಮೇಲೆ ಓಂ ಬರೆಸಿದ ಮಾರನೆಯ ದಿನದಿಂದಲೇ ನನ್ನ ಶಾಲೆ ಶುರುವಾಯಿತು. ನಾಲ್ಕೂವರೆ ವರ್ಷಕ್ಕೆ ಅವಳು ಒಂದರಿಂದ ಹದಿನಾರರವರೆಗೆ ಮಗ್ಗಿ ಒಪ್ಪಿಸುತ್ತಿದ್ದಳು. ನನ್ನ ತೊಡೆಯ ಮೇಲೆ ಕುಳಿತು ದಿನಪತ್ರಿಕೆಯ ತಲೆಬರಹಗಳನ್ನು ಓದುತ್ತಿದ್ದಳು. ಜಗಲಿಗೆ ಯಾರೇ ಬಂದರೂ ನಿಮ್ಮ ದೊಡ್ಡಪ್ಪ ಅವಳನ್ನು ಕರೆದು ಓದಿಸಿ, ಅವರ ಮುಖ ನೋಡುತ್ತಾ ಎಲೆ ಅಡಿಕೆ ಮೆಲ್ಲುತ್ತಿದ್ದರು.

ಅದೇ ಮಗು ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ನೀರು ಲೋಟದ ಹೊರಗೆ ಬೀಳುತ್ತಿತ್ತು. ಕಾಗದದ ಚೆಂಡು ಎಸೆದರೆ ಅದು ಎದೆಗೆ ತಗುಲಿ ಬಿದ್ದ ಮೇಲೆ ಕೈ ಮುಚ್ಚುತ್ತಿದ್ದಳು. ಮೆಟ್ಟಿಲಿಳಿಯುವಾಗ ಕಾಲಿನಿಂದ ಒಮ್ಮೆ ತಡವಿ ನೋಡಿ ಆಮೇಲೆ ಹೆಜ್ಜೆ ಇಡುತ್ತಿದ್ದಳು. ಇದನ್ನೆಲ್ಲ ನಾನು ದಿನವೂ ನೋಡಿದ್ದೇನೆ. ನೋಡಿ, ‘ಗಮನವಿಲ್ಲ ನಿನಗೆ’ ಎಂದು ಬೈದಿದ್ದೇನೆ, ಒಂದು ಸಲ ಹೊಡೆದೂ ಇದ್ದೇನೆ. ಅಕ್ಕಪಕ್ಕದ ಮಕ್ಕಳ ಜೊತೆ ಆಡಲು ಬಿಟ್ಟಿದ್ದರೆ, ಆ ಮಕ್ಕಳಾದರೂ ‘ಇವಳಿಗೆ ಚೆಂಡು ಹಿಡಿಯಲು ಬರುವುದಿಲ್ಲ’ ಎಂದು ಕೂಗುತ್ತಿದ್ದವು.

1987ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದೆವು. ಆಷಾಢದ ಮಳೆ ಹಿಡಿದಿದ್ದ ಒಂದು ದಿನ ಆರೋಗ್ಯ ಕೇಂದ್ರದಿಂದ ಕಣ್ಣು ಪರೀಕ್ಷೆ ಮಾಡುವವರು ಶಾಲೆಗೆ ಬಂದರು. ನಾನು ಕೊಡೆ ಕೊಡಲು ಹೋದವಳು ಬಾಗಿಲಲ್ಲೇ ನಿಂತಿದ್ದೆ. ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಚಾರ್ಟನ್ನು ಗೋಡೆಗೆ ತಗುಲಿಸಿ, ಆರು ಮೀಟರ್ ದೂರದಲ್ಲಿ ಮಗುವನ್ನು ನಿಲ್ಲಿಸಿ, ಅಕ್ಷರದ ಕಾಲುಗಳು ಯಾವ ಕಡೆಗಿವೆಯೆಂದು ಬೆರಳಿನಲ್ಲಿ ತೋರಿಸು ಎನ್ನುತ್ತಿದ್ದರು. ನಮ್ಮವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕೊನೆಯ ಸಾಲಿನವರೆಗೂ ಪಟಪಟನೆ ತೋರಿಸಿದಳು. ಆಮೇಲೆ ಬಲಗಣ್ಣನ್ನು ಮುಚ್ಚಿ, ಅದೇ ವೇಗದಲ್ಲಿ ಮತ್ತೆ ತೋರಿಸಿದಳು. ಬಂದವರು ‘ಸರಿ’ ಎಂದು ಗುರುತು ಹಾಕುವುದರಲ್ಲಿದ್ದರು. ಆಗ ಅವಳ ಕ್ಲಾಸ್ ಟೀಚರು ಎದ್ದುಹೋಗಿ ಏನೂ ಮಾತನಾಡದೆ ಆ ಚಾರ್ಟನ್ನು ಮೊಳೆಯಿಂದ ಬಿಚ್ಚಿ ತಲೆಕೆಳಗಾಗಿ ಹಿಡಿದರು. ನನ್ನ ಮಗಳ ಬೆರಳು ಮಾತ್ರ ಮೊದಲು ತೋರಿಸಿದ ದಿಕ್ಕುಗಳನ್ನೇ ಮತ್ತೆ ತೋರಿಸುತ್ತಾ ಹೋಯಿತು: ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ, ಒಂದೂ ತಪ್ಪದ ಹಾಗೆ. ಬಲಗಣ್ಣಿನಲ್ಲಿ ನೋಡಿದ್ದನ್ನು ಬಾಯಿಪಾಠ ಮಾಡಿಕೊಂಡು ಒಪ್ಪಿಸುತ್ತಿದ್ದಳು. ಒಪ್ಪಿಸುವುದನ್ನು ಕಲಿಸಿದ್ದು ನಾನೇ ಅಲ್ಲವೇ? ಅವಳು ಮೋಸ ಮಾಡುತ್ತಿರಲಿಲ್ಲ, ಪಾಠ ಒಪ್ಪಿಸುತ್ತಿದ್ದಳು.

ಶಿವಮೊಗ್ಗದ ಕಣ್ಣಿನ ಡಾಕ್ಟರು ಹನಿ ಹಾಕಿ ನೋಡಿ, ಎಡಗಣ್ಣಿಗೆ ಪ್ಲಸ್ ಐದು ಪವರ್ ಇದೆ, ಬಲಗಣ್ಣು ನೆಟ್ಟಗಿದೆ ಎಂದರು. ಒಂದು ಕಣ್ಣಿನ ಚಿತ್ರ ಮಸುಕಾಗಿ ಬಂದರೆ ಮೆದುಳು ಅದನ್ನು ಕೈಬಿಟ್ಟು ಇನ್ನೊಂದನ್ನೇ ನೆಚ್ಚಿಕೊಳ್ಳುತ್ತದೆಯಂತೆ. ಅದಕ್ಕೆ ಲೇಜಿ ಐ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ನೋಯುವುದಿಲ್ಲ, ಕೆಂಪಾಗುವುದಿಲ್ಲ, ಮೆಳ್ಳೆಗಣ್ಣೂ ಇರಬೇಕೆಂದಿಲ್ಲ. ಮಗುವಂತೂ ಹೇಳುವುದೇ ಇಲ್ಲ, ಏಕೆಂದರೆ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅದು ತಿಳಿದಿರುತ್ತದೆ. ಚಿಕ್ಕ ವಯಸ್ಸಿನಲ್ಲಿ, ಏಳು ವರ್ಷದೊಳಗೆ, ಹಿಡಿದಷ್ಟೂ ಗುಣ ಹೆಚ್ಚು. ‘ನಾಲ್ಕಕ್ಕೆ ಕರೆತರಬೇಕಿತ್ತು ಅಮ್ಮ’ ಎಂದರು ಡಾಕ್ಟರು. ಕನ್ನಡಕ ಕೊಟ್ಟು, ದಿನಕ್ಕೆ ಆರು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಲು ಹೇಳಿದರು. ಪಟ್ಟಿ ಹಾಕಿದ ಮೊದಲ ಮಧ್ಯಾಹ್ನ, ಪೇಪರ್ ಓದುತ್ತಿದ್ದ ಆ ನನ್ನ ಜಾಣೆ ತಟ್ಟೆಯ ಮುಂದೆ ಕುಳಿತು ಉಪ್ಪಿನಕಾಯಿ ಎಲ್ಲಿದೆಯೆಂದು ಅನ್ನದೊಳಗೆ ಬೆರಳಾಡಿಸಿ ಹುಡುಕುತ್ತಿದ್ದಳು. ಒಂದೂವರೆ ವರ್ಷ ಪಟ್ಟಿ ಕಟ್ಟಿದೆವು. 6/36 ಇದ್ದದ್ದು 6/18ಕ್ಕೆ ಬಂತು, ಎಂದರೆ ಇತರರು ಹದಿನೆಂಟು ಮೀಟರಿನಿಂದ ಓದುವುದನ್ನು ಆ ಕಣ್ಣು ಆರು ಮೀಟರಿನಿಂದ ಓದಿತು, ಅಲ್ಲಿಗೇ ನಿಂತಿತು. ಇವತ್ತಿಗೂ ಸೂಜಿಗೆ ದಾರ ಪೋಣಿಸಲು ತನ್ನ ಮಗಳನ್ನು ಕರೆಯುತ್ತಾಳೆ.

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಬೇಸರಪಡಬೇಡ: ಒಂದೇ ಜೋಡಿ ಕಣ್ಣು ಸಾಲದು. ನೀನು ಎಷ್ಟೇ ಓದಿಕೊಂಡಿರು, ದಿನವಿಡೀ ಎದುರಿಗಿಟ್ಟುಕೊಂಡ ಮಗುವಿನ ಕೊರತೆ ತಾಯಿಗೆ ಅದರ ಸ್ವಭಾವದ ಹಾಗೆ ಕಾಣುತ್ತದೆ. ಕಿವಿ ಮಂದವಿದ್ದರೆ ಹಟಮಾರಿ ಎನ್ನುತ್ತೇವೆ, ಮಾತು ತಡವಾದರೆ ಗಂಭೀರ ಎನ್ನುತ್ತೇವೆ. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ನೋಡುವವರಿಗೆ ಒಂದು ಮಗು ಬೇರೆಯಾಗಿದ್ದರೆ ಎಂಟು ದಿನದಲ್ಲಿ ತಿಳಿಯುತ್ತದೆ.

ಇನ್ನು ಆ ದಿನ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುವಾಗ ನಿಮ್ಮ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: ‘ಇಡೀ ದಿನ ಮನೆಯಲ್ಲೇ ಇದ್ದವಳು ನೀನು.’ ಅವರು ಈಗಿಲ್ಲ, ಹೋದವರ ಮೇಲೆ ದೂರು ಹೇಳಬಾರದು. ಆದರೆ ಜಗಲಿಯಲ್ಲಿ ಕೂರಿಸಿಕೊಂಡು ಊರಿಗೆಲ್ಲ ಓದಿ ತೋರಿಸುವಾಗ ಅವಳು ಅವರ ಮಗಳು, ಕಣ್ಣು ಕಾಣದ ಮೇಲೆ ನನ್ನ ಮಗಳು. ಉಪನಯನದ ಮನೆಗಳಲ್ಲಿ ಅವಳನ್ನು ಮಣೆಯ ಮೇಲೆ ನಿಲ್ಲಿಸಿ ಮಗ್ಗಿ ಹೇಳಿಸಿದ ನೆಂಟರೇ, ಅದೇ ವರ್ಷ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ ನನಗೆ ಕೇಳುವಂತೆ ‘ಅಷ್ಟು ಚಿಕ್ಕ ಮಗುವಿನ ಕೈಲಿ ಓದಿಸಿ ಓದಿಸಿ ಕಣ್ಣು ಹಾಳು ಮಾಡಿದಳು’ ಎಂದರು. ಓದಿದ್ದರಿಂದ ಈ ದೋಷ ಬರುವುದಿಲ್ಲವೆಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ನನ್ನ ತಪ್ಪು ಓದಿಸಿದ್ದಲ್ಲ, ಬೇರೆ ಯಾರಿಗೂ ನೋಡಲು ಬಿಡದಿದ್ದದ್ದು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿತ್ತು? ಹೋದ ವಾರ ಇದೇ ಗುಂಪಿನಲ್ಲಿ ಮೂರು ವರ್ಷದ ಮಗುವೊಂದು ದೇಶಗಳ ರಾಜಧಾನಿ ಹೇಳುವ ವಿಡಿಯೊ ಬಂದಾಗ ನೀವೆಲ್ಲ ಚಪ್ಪಾಳೆ ಹಾಕಿದ್ದೀರಿ. ನಾನೊಬ್ಬಳು ‘ಆ ಮಗುವಿಗೆ ಚೆಂಡು ಹಿಡಿಯಲು ಬರುತ್ತದೆಯೇ’ ಎಂದು ಕೇಳಿದೆ. ಯಾರೂ ಉತ್ತರಿಸಲಿಲ್ಲ. ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡಿರಬಹುದು.

ಇರಲಿ. ನೀನು ಕೇಳಿದ್ದಕ್ಕೆ ಉತ್ತರ ಹೇಳುವುದನ್ನೇ ಮರೆತೆ.

ಕೆಳಗಿನ ಮನೆಯವರ ಮಾತಿಗೆ ಹೆದರಬೇಡ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದು ಅನ್ವಯಿಸುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಆರರ ಒಳಗೆ ಮಗುವನ್ನು ಮನೆಯಲ್ಲಿಟ್ಟುಕೊಂಡರೆ ಅದರಲ್ಲಿ ಯಾವ ತಪ್ಪೂ ಇಲ್ಲ. ಒಂದನೇ ತರಗತಿಗೆ ನಮ್ಮ ರಾಜ್ಯದಲ್ಲಿ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶ ಮಾಡಿದರು, ನಡುವೆ 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳೆಂದು ಸಡಿಲಿಸಿದರು. ಮರಿ ಆಗಸ್ಟ್‌ನಲ್ಲಿ ಹುಟ್ಟಿದವನು, ಆದ್ದರಿಂದ ಆರು ತುಂಬಿದ ಮೇಲೆ ಬರುವ ಜೂನ್ ಅವನದು, ಅವಸರವೇ ಇಲ್ಲ. ಸೇರಿಸುವಾಗ ಮಗುವಿಗಾಗಲಿ ನಿಮಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ ಎಂದು ಅದೇ ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ಜನನ ಪ್ರಮಾಣಪತ್ರವನ್ನು ಈಗಲೇ ತೆಗೆದು, ಹೆಸರಿನ ಕಾಗುಣಿತ ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿಕೊ, ಆಮೇಲೆ ಓಡಾಡುವುದು ಬೇಡ. ನೀವು ಕಣ್ಣಿಟ್ಟಿರುವುದು ಎಲ್‌ಕೆಜಿಯಿಂದಲೇ ಮಕ್ಕಳನ್ನು ತುಂಬಿಕೊಳ್ಳುವ ಖಾಸಗಿ ಶಾಲೆಯಾದರೆ, ಒಂದನೇ ತರಗತಿಯಲ್ಲಿ ಸೀಟು ಉಳಿಯುತ್ತದೆಯೇ ಎಂದು ಮೊದಲೇ ವಿಚಾರಿಸಿಡಿ. ಸರ್ಕಾರಿ ಶಾಲೆಯಲ್ಲಿ ಆ ಚಿಂತೆಯಿಲ್ಲ.

ಈಗ ಮಾಡಬೇಕಾದದ್ದು. ನಿಮ್ಮ ವಾರ್ಡಿನ ಅಂಗನವಾಡಿಗೆ ಹೋಗಿ ಮರಿಯ ಹೆಸರು ಬರೆಸು. ಅಪಾರ್ಟ್‌ಮೆಂಟಿನವರು ನಗುತ್ತಾರೆ, ನಗಲಿ. ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ 2024ರಿಂದ ಎಲ್‌ಕೆಜಿ, ಯುಕೆಜಿಯೂ ಇದೆ. ಅಲ್ಲಿ ತೂಕ, ಎತ್ತರ ಬರೆದಿಡುತ್ತಾರೆ; ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಬಂದು ಕಣ್ಣು, ಕಿವಿ, ಹಲ್ಲು, ಬೆಳವಣಿಗೆ ಎಲ್ಲವನ್ನೂ ನೋಡಬೇಕೆಂಬ ವ್ಯವಸ್ಥೆ 2013ರಿಂದ ಇದೆ. ಮನೆಯೊಳಗಿರುವ ಮಗು ಆ ಪಟ್ಟಿಯಲ್ಲೇ ಇರುವುದಿಲ್ಲ. ಬೆಳಿಗ್ಗೆ ಎರಡು ಗಂಟೆ ಅಲ್ಲಿ ಬಿಟ್ಟು, ಉಳಿದ ಹೊತ್ತು ನಿನಗೆ ಬೇಕಾದ್ದು ಕಲಿಸು. ಅಕ್ಷರಕ್ಕೆ ಆತುರ ಬೇಡ. ನಿನ್ನ ಅಮ್ಮನ ಅಟ್ಟದ ಮೇಲೆ ಚನ್ನೆಮಣೆ ಇದೆ, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ. ಐವತ್ತಾರರವರೆಗೆ ಎಣಿಕೆ ಅದರಲ್ಲೇ ಬರುತ್ತದೆ, ಕಾಳನ್ನು ಗುಳಿಗೆ ಸರಿಯಾಗಿ ಹಾಕುತ್ತಾನೆಯೇ ಎಂಬುದೂ ನಿನಗೆ ಕಾಣುತ್ತದೆ. ಕಾಳು ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕುಳಿತಿರು.

ಅದಕ್ಕೂ ಮೊದಲು, ಈ ಸೋಮವಾರವೇ, ಮಕ್ಕಳ ಕಣ್ಣು ನೋಡುವ ಡಾಕ್ಟರ ಬಳಿಗೆ ಕರೆದುಕೊಂಡು ಹೋಗು. ಒಂದೊಂದೇ ಕಣ್ಣು ಮುಚ್ಚಿಸಿ ನೋಡಲಿ. ಕೈಯಿಂದ ಮುಚ್ಚಿಸಿದರೆ ಮಕ್ಕಳು ಬೆರಳ ಸಂದಿನಿಂದ ಇಣುಕುತ್ತವೆ, ನೀನೇ ಹಿಂದೆ ನಿಂತು ಬಟ್ಟೆಯಿಂದ ಮುಚ್ಚು. ಎರಡನೆಯ ಕಣ್ಣಿಗೆ ಬಂದಾಗ ಚಾರ್ಟನ್ನು ತಿರುಗಿಸಿ ತೋರಿಸಿ ಎಂದು ಕೇಳು. ಅವರಿಗೆ ನಗು ಬಂದರೂ ಪರವಾಗಿಲ್ಲ, ಕೇಳು. ಏನು ಹೇಳಿದರೆಂದು ಗುಂಪಿಗೆ ಹಾಕಬೇಡ, ನನಗೆ ಫೋನು ಮಾಡು.