ಲಂಡನ್ನಿನ ಹಳೇ ಸಾಲುಮನೆ: ಗೋಡೆ ಪಕ್ಕ ಅಲ್ಲ, ನಟ್ಟನಡುವೆ ಸೋರುತ್ತಿದೆ

ಒದ್ದೆಗೋಡೆ:
ಇಸ್ಲಿಂಗ್ಟನ್‌ನಲ್ಲಿ 1830ರ ದಶಕದ ಮನೆ. ಮೇಲಿನ ಮಹಡಿಯ ಸೀಲಿಂಗ್ ಮೇಲೆ ಟೀ ಬಣ್ಣದ ಕಲೆ, ಅದೂ ಸರಿಯಾಗಿ ಮಧ್ಯದಲ್ಲಿ. ಬೀದಿಯಿಂದ ನೋಡಿದರೆ ಛಾವಣಿಯೇ ಕಾಣಲ್ಲ, ನಮ್ಮೂರಿನ ಆರ್‌ಸಿಸಿ ಮನೆ ಥರ ನೇರ ಗೆರೆ. ತಾರಸಿ ಅಂದುಕೊಂಡು ಒಬ್ಬರನ್ನು ಕರೆಸಿದೆ. ಮುಂದಿನ ಪ್ಯಾರಾಪೆಟ್‌ಗೆ ಸಿಮೆಂಟ್ ಮೆತ್ತಿ ಹೋದರು. ಮಳೆ ಬಂತು, ಕಲೆ ಇನ್ನೂ ಉದ್ದ ಆಯಿತು.

ಸುಣ್ಣಗಾರೆ:
ಅದು ತಾರಸಿ ಅಲ್ಲ ಸರ್. ಹಿತ್ತಲಿಗೆ ಹೋಗಿ ತಲೆ ಎತ್ತಿ ನೋಡಿ. ಹಿಂದಿನ ಗೋಡೆಯ ತುದಿ ವಿ ಆಕಾರದಲ್ಲಿದೆಯಾ?

ಒದ್ದೆಗೋಡೆ:
ಅಯ್ಯೋ, ಹೌದು! ಎರಡು ವರ್ಷದಿಂದ ಅಲ್ಲೇ ಬಟ್ಟೆ ಒಣಗಿಸ್ತಿದ್ದೀನಿ, ಕಣ್ಣಿಗೇ ಬಿದ್ದಿಲ್ಲ.

ಸುಣ್ಣಗಾರೆ:
ಹಾಗಾದ್ರೆ ಚಿಟ್ಟೆ ಛಾವಣಿ. ಅಕ್ಕಪಕ್ಕದ ಮನೆಗಳ ಜೊತೆಗಿನ ಗೋಡೆಗಳಿಂದ ಎರಡು ಇಳಿಜಾರು ಒಳಮುಖವಾಗಿ ಬರುತ್ತವೆ. ಅವು ಕೂಡುವ ಕಡೆ ಸೀಸದ ತಗಡಿನ ಗಟರ್, ಮುಂದಿನಿಂದ ಹಿಂದಕ್ಕೆ. ಬೆಂಕಿಯ ಭಯಕ್ಕೆ 1707ರ ಕಾನೂನು ಲಂಡನ್ನಿನಲ್ಲಿ ಮರದ ಸೂರಿನಂಚು ಬೇಡ, ಇಟ್ಟಿಗೆಯ ಪ್ಯಾರಾಪೆಟ್ ಕಟ್ಟಿ ಅಂದಿತು. ಆಮೇಲೆ ಛಾವಣಿಯನ್ನು ಅದರ ಹಿಂದೆ ಅಡಗಿಸೋದೇ ಫ್ಯಾಷನ್ ಆಯಿತು. ಬೀದಿಗೆ ಅಂದ, ಮನೆಯವರಿಗೆ ಕಾಟ.

ತೊಟ್ಟಿಮನೆ:
ನಮ್ಮ ತೊಟ್ಟಿಮನೆಯಲ್ಲೂ ನೀರು ಒಳಕ್ಕೇ ಬೀಳುತ್ತೆ, ಆದರೆ ಬೀಳೋಕೆ ಅಂಗಳ ಇದೆ. ಇಲ್ಲಿ ಗಟರ್ ಕಟ್ಟಿಕೊಂಡರೆ ನೀರು ಮಂಚದ ಮೇಲೆಯೇ!

ಸುಣ್ಣಗಾರೆ:
ಅದೇ ಅಲ್ವಾ. ಮೊದಲು ಹಿಂದಿನ ಗೋಡೆಯಲ್ಲಿ ನೀರು ಹೊರಬರುವ ತೂತು ನೋಡಿಸಿ, ಜಾಸ್ತಿ ಸಲ ಅಲ್ಲೇ ಕಟ್ಟಿರುತ್ತೆ. ಆಮೇಲೆ ತಗಡು. ಸೀಸ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತೆ. ತುಂಡು ತುಂಡಾಗಿ, ಮೆಟ್ಟಿಲ ಥರ ಹಾಸಬೇಕು. ಉದ್ದಕ್ಕೆ ಒಂದೇ ತಗಡು ಹಾಸಿದ್ದರೆ ಸೀಳುತ್ತೆ. ಆ ಸಿಮೆಂಟನ್ನೂ ಹುಷಾರಾಗಿ ಕೀಳಿಸಿ, ಸುಣ್ಣದ ಗಾರೆ ಹಾಕಿಸಿ. ಹಳೇ ಇಟ್ಟಿಗೆ ಮೆದು. ಸಿಮೆಂಟಿನ ಹಿಂದೆ ಸಿಕ್ಕಿಕೊಂಡ ನೀರು ಹಿಮಕ್ಕೆ ಗಡ್ಡೆಕಟ್ಟಿದರೆ ಇಟ್ಟಿಗೆಯ ಮುಖವೇ ಉದುರುತ್ತೆ. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಕೌನ್ಸಿಲ್‌ನಲ್ಲಿ ಮೊದಲೇ ಕೇಳಿ.

ಒದ್ದೆಗೋಡೆ:
ಇವತ್ತು ಏಣಿ ಹಾಕಿಸಿದೆ. ತೂತಿನಲ್ಲಿ ಒಂದು ಬಕೆಟ್ ಪಾಚಿ, ಪಾರಿವಾಳದ ಪುಕ್ಕ, ಜೊತೆಗೆ ಒಂದು ಟೆನಿಸ್ ಬಾಲ್. ಕಲೆಯ ನೇರಕ್ಕೇ ತಗಡಿನಲ್ಲಿ ಗೇಣುದ್ದ ಸೀಳು. ಸದ್ಯಕ್ಕೆ ಪ್ಯಾಚ್ ಹಾಕಿದ್ದಾರೆ. ಸೀಲಿಂಗ್‌ಗೆ ಈಗಲೇ ಬಣ್ಣ ಹೊಡೆಸಬಹುದಾ?

ಸುಣ್ಣಗಾರೆ:
ಬೇಡ. ಅದು ಮರದ ಪಟ್ಟಿ ಮೇಲಿನ ಸುಣ್ಣದ ಗಾರೆ, ಒಣಗೋಕೆ ತಿಂಗಳುಗಟ್ಟಲೆ ಬೇಕು. ಬೆರಳಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಮಂಚ ಪಕ್ಕಕ್ಕೆ ಎಳೆಯಿರಿ.